ತಂಡದ ಕಾನ್ಫರೆನ್ಸ್ ಪ್ರಯಾಣಕ್ಕೆ ವಾಟ್ಸಾಪ್ ಚಾನೆಲ್: ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲದು

ದಾವಣಗೆರೆಯ ಕಾಲೇಜಿನಿಂದ ಐದಾರು ಜನ ಬೆಂಗಳೂರಿನ ಕಾನ್ಫರೆನ್ಸಿಗೆ ಹೊರಟರೆಂದರೆ ಮನೆಯವರು, ಎಚ್‌ಒಡಿ, ಜೂನಿಯರ್‌ಗಳು ಎಲ್ಲರ ಕಣ್ಣೂ ಅವರ ಮೇಲೆಯೇ. "ಎಲ್ಲಿದೀರಿ? ಪೇಪರ್ ಆಯ್ತಾ? ಫೋಟೋ ಹಾಕ್ರಪ್ಪ" ಅಂತ ಕೇಳುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವುದು ಆಗದ ಮಾತು. ಈ ಕೆಲಸಕ್ಕೆ ವಾಟ್ಸಾಪ್ ಚಾನೆಲ್ ಚೆನ್ನಾಗಿ ಒದಗುತ್ತದೆ, ಆದರೆ ಬರಹ ಮತ್ತು ಫೋಟೋಗಳ ಮಟ್ಟಿಗೆ ಮಾತ್ರ. ಲೊಕೇಶನ್‌ಗೂ ನೇರಪ್ರಸಾರಕ್ಕೂ ಬೇರೆ ದಾರಿ ಹುಡುಕಬೇಕು.

ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಒಬ್ಬರು "ಆಲ್ ದಿ ಬೆಸ್ಟ್" ಅಂದರೆ ಐವತ್ತು ಜನ ಅದನ್ನೇ ಹಾಕಿ, ನಡುವೆ ಬಂದ ಸುದ್ದಿ ಎಲ್ಲೋ ಮೇಲೆ ಹೋಗಿಬಿಡುತ್ತದೆ. ಚಾನೆಲ್‌ನಲ್ಲಿ ಅಪ್‌ಡೇಟ್ ಹಾಕುವುದು ಅಡ್ಮಿನ್ ಮಾತ್ರ, ಫಾಲೋ ಮಾಡುವವರ ನಂಬರ್ ಒಬ್ಬರದು ಒಬ್ಬರಿಗೆ ಕಾಣುವುದಿಲ್ಲ. ಅಪ್‌ಡೇಟ್ಸ್ ಟ್ಯಾಬ್‌ಗೆ ಹೋಗಿ ಪ್ಲಸ್ ಗುರುತು ಒತ್ತಿ, ಹೆಸರು, ಚಿತ್ರ, ಎರಡು ಸಾಲು ವಿವರ ಕೊಟ್ಟರೆ ಚಾನೆಲ್ ಸಿದ್ಧ. ಇಬ್ಬರನ್ನು ಅಡ್ಮಿನ್ ಮಾಡಿ. ಆ ದಿನ ಪೇಪರ್ ಮಂಡಿಸುವವರ ತಲೆಗೆ ಈ ಹೊಣೆ ಕಟ್ಟಬೇಡಿ.

ಬಹಳ ಜನ ಎಡವುವುದು ಮುಂದಿನ ಹಂತದಲ್ಲಿ. ಚಾನೆಲ್ ಫಾಲೋ ಮಾಡಿದ ಕೂಡಲೇ ಅದು ಮ್ಯೂಟ್ ಆಗಿಯೇ ಇರುತ್ತದೆ. ಚಾನೆಲ್ ತೆರೆದು ಮೇಲಿನ ಗಂಟೆಯ ಗುರುತು ಒತ್ತಿದರೆ ಮಾತ್ರ ಸದ್ದು ಬರುತ್ತದೆ. ಇದನ್ನು ಹೇಳದೆ ಲಿಂಕ್ ಮಾತ್ರ ಕಳಿಸಿದರೆ ಮನೆಯಲ್ಲಿ "ಏನೂ ಬರ್ತಿಲ್ಲ" ಅನ್ನುತ್ತಾರೆ. ಹೊರಡುವ ಹಿಂದಿನ ದಿನವೇ ಒಂದು ಪರೀಕ್ಷಾ ಅಪ್‌ಡೇಟ್ ಹಾಕಿ, ಯಾರ ಫೋನ್ ಸದ್ದು ಮಾಡಲಿಲ್ಲ ಅಂತ ಕೇಳಿಕೊಳ್ಳಿ.

ಪ್ರತಿ ಅಪ್‌ಡೇಟಿನ ಮೊದಲಿಗೆ ಸಮಯ ಬರೆಯಿರಿ: "11.20 – ಅರಸೀಕೆರೆ ದಾಟಿದ್ವಿ." ಊರೂರುಗಳ ನಡುವೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಹಾಕಿದ್ದು ಗಡಿಯಾರದ ಗುರುತಿನಲ್ಲೇ ನಿಂತು ಅರ್ಧ ಗಂಟೆ ಬಿಟ್ಟು ಹೋದರೆ, "ಈಗ ದಾಟಿದ್ವಿ" ಅನ್ನುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಲೊಕೇಶನ್‌ಗೆ ಮನೆಯವರಷ್ಟೇ ಇರುವ ಚಿಕ್ಕ ಗ್ರೂಪ್ ಸಾಕು. ಲೈವ್ ಲೊಕೇಶನ್‌ಗೆ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರು ಅವಧಿಗಳಿವೆ, ಪ್ರಯಾಣಕ್ಕೆ 8 ಗಂಟೆಯದೇ ಸರಿ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್‌ಗೆ ಲೊಕೇಶನ್ ಅನುಮತಿ "ಯಾವಾಗಲೂ" ಅಂತಿರಬೇಕು, ಬ್ಯಾಟರಿ ಸೇವರ್ ಆಫ್ ಆಗಿರಬೇಕು. ಇಲ್ಲದಿದ್ದರೆ ಫೋನ್ ಜೇಬಿಗೆ ಹೋದ ಮೇಲೆ ಮ್ಯಾಪಿನಲ್ಲಿ ನಿಮ್ಮನ್ನು ತೋರಿಸುವ ಚುಕ್ಕೆ ನಿಂತಲ್ಲೇ ನಿಲ್ಲುತ್ತದೆ, ಇಲ್ಲಿ ನೋಡುತ್ತಿರುವವರ ಎದೆ ಧಸಕ್ಕೆನ್ನುತ್ತದೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಡಿ: ಬಸ್ ಚಿತ್ರದುರ್ಗ, ಹಿರಿಯೂರು, ಶಿರಾ ಮೇಲೆ ಹೋದರೆ, ರೈಲು ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿಕೊಂಡು ಹೋಗುತ್ತದೆ. ಚುಕ್ಕೆ ಬೀರೂರಿನ ಕಡೆ ತಿರುಗಿದ್ದು ನೋಡಿ "ದಾರಿ ತಪ್ಪಿದರೇನೋ" ಅಂತ ಫೋನ್ ಬರುವುದು ತಪ್ಪುತ್ತದೆ.

ಚಾನೆಲ್ ಸಾರ್ವಜನಿಕ. ಗ್ರೂಪಿಗಿರುವ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ (ಒಳಗಿರುವವರ ಹೊರತು ಬೇರೆ ಯಾರೂ ಓದಲಾಗದ ಬೀಗ) ಅದಕ್ಕಿಲ್ಲ, ಯಾರು ಬೇಕಾದರೂ ನೋಡಬಹುದು. ಟಿಕೆಟ್ ಫೋಟೋ ಹಾಕಿದರೆ ಪಿಎನ್‌ಆರ್ ಜೊತೆಗೇ ಹೋಗುತ್ತದೆ, ಅದರಿಂದ ಕೋಚ್, ಸೀಟು ತಿಳಿಯುತ್ತದೆ. ಕಾನ್ಫರೆನ್ಸ್ ಬ್ಯಾಡ್ಜಿನ ಕ್ಯೂಆರ್ ಕೋಡಿನಲ್ಲಿ ಹೆಸರು, ಇಮೇಲ್, ಫೋನ್ ನಂಬರ್ ಇರಬಹುದು. ಅದನ್ನು ಬೆರಳಿನಿಂದ ಮುಚ್ಚಿ ಫೋಟೋ ತೆಗೆಯಿರಿ. ಹೋಟೆಲ್ ಕೋಣೆಯ ನಂಬರ್ ಹಾಕಲೇಬೇಡಿ. ಇವೆಲ್ಲಕ್ಕಿಂತ ದೊಡ್ಡ ಅಪಾಯ ನಿಮ್ಮ ಸಂಶೋಧನೆಯನ್ನು ತೋರಿಸುವ ಪೋಸ್ಟರಿನ ಫೋಟೋದಲ್ಲಿದೆ. ಅರ್ಜಿ ಹಾಕುವ ಮುಂಚೆ ವಿಷಯ ಸಾರ್ವಜನಿಕವಾದರೆ ಪೇಟೆಂಟಿಗೆ ಬೇಕಾದ ಹೊಸತನಕ್ಕೇ ಕುತ್ತು. ಪೇಟೆಂಟ್ ಯೋಚನೆ ಇದ್ದರೆ ಗೈಡ್ ಒಪ್ಪುವ ತನಕ ಆ ಫೋಟೋ ಫೋನಿನಲ್ಲೇ ಇರಲಿ. ಬೇರೆಯವರ ಸ್ಲೈಡಿನಲ್ಲಿ ಅಡ್ಡಗೆರೆ ಹೊಡೆದ ಕ್ಯಾಮೆರಾ ಚಿತ್ರ ಕಂಡರೆ ಫೋನ್ ಕೆಳಗಿಳಿಸಿ.

ಸ್ಲೈಡ್ ಫೋಟೋ ಮಸುಕಾಗುವುದಕ್ಕೆ ಎರಡು ಕಾರಣ. ಕತ್ತಲೆ ಹಾಲ್‌ನಲ್ಲಿ ಕ್ಯಾಮೆರಾ ಒಟ್ಟು ಕತ್ತಲೆಗೆ ಹೊಂದಿಕೊಂಡು ಪರದೆಯನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಪರದೆಯ ಮೇಲೆಯೇ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಅಕ್ಷರಗಳು ಮೂಡುತ್ತವೆ. ಎರಡನೆಯ ಕಾರಣ ವಾಟ್ಸಾಪ್ ಫೋಟೋ ಕುಗ್ಗಿಸುವುದು. ಕಳಿಸುವ ಮುನ್ನ ಮೇಲಿನ ಎಚ್‌ಡಿ ಗುರುತು ಒತ್ತಿದರೆ ಗ್ರಾಫಿನ ಅಂಕಿಗಳೂ ಓದಲು ಬರುತ್ತವೆ. ಎಲ್‌ಇಡಿ ಗೋಡೆಯಾದರೆ ಅಡ್ಡಪಟ್ಟಿ ಬೀಳುತ್ತದೆ. ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು 1/50ಕ್ಕೆ ಇಳಿಸಿದರೆ ಪಟ್ಟಿ ಬಹಳ ಮಟ್ಟಿಗೆ ಹೋಗುತ್ತದೆ. ಮೂಲ ಫೋಟೋಗಳಿಗೆ ಗೂಗಲ್ ಫೋಟೋಸ್‌ನಲ್ಲಿ ಹಂಚಿಕೆಯ ಆಲ್ಬಂ ಮಾಡಿ, ಉಚಿತ 15 ಜಿಬಿ ತುಂಬಿಲ್ಲವೇ ಅಂತ ಮೊದಲೇ ನೋಡಿಕೊಳ್ಳಿ.

ನೇರಪ್ರಸಾರ ಪೇಪರ್ ಮಂಡಿಸುವ 15-20 ನಿಮಿಷಕ್ಕೆ ಮಾತ್ರ ಇರಲಿ. ಯೂಟ್ಯೂಬ್‌ನಲ್ಲಿ ಫೋನಿನಿಂದ ಲೈವ್ ಹೋಗಲು ಚಾನೆಲ್‌ಗೆ ಕನಿಷ್ಠ 50 ಸಬ್‌ಸ್ಕ್ರೈಬರ್ ಬೇಕು. ಮೊದಲ ಸಲ ಲೈವ್ ಚಾಲೂ ಮಾಡಿದರೆ ಅನುಮತಿಗೆ 24 ಗಂಟೆಯವರೆಗೆ ಕಾಯಬೇಕಾಗುತ್ತದೆ. ಆದ್ದರಿಂದ ವಾರದ ಮುಂಚೆಯೇ ಡಿಪಾರ್ಟ್‌ಮೆಂಟಿನ ಚಾನೆಲ್ ಸಿದ್ಧವಿರಲಿ. 720ಪಿ ವಿಡಿಯೋಗೆ ಸುಮಾರು 4 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್, 8 ಬಿಟ್‌ಗೆ ಒಂದು ಬೈಟ್) ಹಿಡಿದರೆ ಗಂಟೆಗೆ 1.8 ಜಿಬಿ, 20 ನಿಮಿಷಕ್ಕೆ 600 ಎಂಬಿ. ದಿನಕ್ಕೆ 1.5 ಜಿಬಿಯ ಪ್ಯಾಕ್ ಇದ್ದವರಿಗೆ ಪೂರ್ತಿ ದಿನದ ಪ್ರಸಾರ ಆಗದ ಮಾತು. ಹಾಲ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡುವಾಗ ಡೌನ್‌ಲೋಡ್ ಅಲ್ಲ, ಅಪ್‌ಲೋಡ್ ನೋಡಿ. ಅದು 6 ಎಂಬಿಪಿಎಸ್ ಆದರೂ ಇರಲಿ. ಖಾಲಿ ಹಾಲ್‌ನ ಲೆಕ್ಕ ನಂಬಬೇಡಿ. ಜನ ತುಂಬಿದ ಮೇಲೆ ಎಲ್ಲರ ಫೋನೂ ಒಂದೇ ವೈಫೈಗೆ, ಒಂದೇ ಟವರ್‌ಗೆ ಜೋತು ಬೀಳುತ್ತವೆ. ಕರೆ ಬಂದರೂ ಪ್ರಸಾರ ತುಂಡಾಗುತ್ತದೆ, ಡು ನಾಟ್ ಡಿಸ್ಟರ್ಬ್ ಹಾಕಿಡಿ. ಸಂಘಟಕರ ಒಪ್ಪಿಗೆ ಇಲ್ಲದೆ ಲೈವ್ ಬೇಡವೇ ಬೇಡ.

ಹಾಟ್‌ಸ್ಪಾಟ್, ಕ್ಯಾಮೆರಾ, ಅಪ್‌ಲೋಡ್ ಮೂರೂ ಒಂದೇ ಫೋನಿನ ಮೇಲೆ ಬಿದ್ದರೆ ಅದು ಕಾದು ಚಾರ್ಜ್ ಆಗುವುದನ್ನೇ ನಿಲ್ಲಿಸಬಹುದು. ಹಾಟ್‌ಸ್ಪಾಟ್‌ಗೆ ಬೇರೆ ಫೋನ್ ಇರಲಿ. 10,000 ಎಂಎಎಚ್ ಪವರ್ ಬ್ಯಾಂಕಿನಿಂದ ಫೋನಿಗೆ ನಿಜವಾಗಿ ಸೇರುವುದು ಸುಮಾರು 6,000, ಉಳಿದದ್ದು ವೋಲ್ಟೇಜ್ ಬದಲಾಗುವಾಗ ಮತ್ತು ಬಿಸಿಯಲ್ಲಿ ಹೋಗುತ್ತದೆ. ಇಬ್ಬರು ಅಡ್ಮಿನ್‌ಗಳಿಗೆ ಎರಡು ಪವರ್ ಬ್ಯಾಂಕ್ ಬೇಕು.

ವಾಪಸ್ ರೈಲು ದಾವಣಗೆರೆ ತಲುಪಿದ ಮೇಲೆ ಲೈವ್ ಲೊಕೇಶನ್ ನಿಲ್ಲಿಸಿ. ವಾರ ಕಳೆದು ಎಲ್ಲರೂ ಫೋಟೋ ಇಳಿಸಿಕೊಂಡ ಮೇಲೆ ಆಲ್ಬಂನ ಲಿಂಕ್ ಶೇರಿಂಗ್ ಆಫ್ ಮಾಡಿ.