ಜೋತುಬಿದ್ದ ಹೊಟ್ಟೆಗೆ ಸರ್ಕಾರಿ ಆಸ್ಪತ್ರೆಯೋ, ಖಾಸಗಿಯೋ, ವ್ಯಾಯಾಮವೋ?

ಎರಡು ಸಿಸೇರಿಯನ್ ಆದಮೇಲೆ ಹೊಟ್ಟೆ ಜೋತುಬಿದ್ದಿದೆ, ಟಮ್ಮಿ ಟಕ್ (ಹೊಟ್ಟೆಯ ಹೆಚ್ಚುವರಿ ಚರ್ಮ, ಕೊಬ್ಬು ತೆಗೆದು ಬಿಗಿ ಮಾಡುವ ಆಪರೇಷನ್) ಮಾಡಿಸಲಾ ಅಂತ ಡೊಂಬಿವಲಿಯ ಅತ್ತಿಗೆ ಕೇಳಿದ್ದಾರೆ.

ಖರ್ಚು ಮೊದಲು. ಮುಂಬೈಯ ಕೆಇಎಂ, ಸಯನ್ ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ, ಖರ್ಚು ತುಂಬಾ ಕಡಿಮೆ. ಆದರೆ ಸುಟ್ಟ ಗಾಯದವರು, ಅಪಘಾತದವರು ಮೊದಲು. ಅದು ಸರಿಯೇ ಅಲ್ವಾ? ಖಾಸಗಿಯಲ್ಲಿ ಬೇಗ ಆಗುತ್ತದೆ, ಹಣ ಮಾತ್ರ ನಿಮ್ಮದೇ. ಬರೀ ಅಂದಕ್ಕಾದರೆ ಆಯುಷ್ಮಾನ್ ಭಾರತವೂ ಕೊಡುವುದಿಲ್ಲ.

ಹರ್ನಿಯಾ ಇದ್ದರೆ, ಚರ್ಮದ ಮಡಿಕೆಯಲ್ಲಿ ಪದೇಪದೇ ಹುಣ್ಣಾದರೆ ಸರ್ಕಾರಿ ಆಸ್ಪತ್ರೆಗೇ ಹೋಗಿ. ಇಂಥ ನೋವಿಗೆ ಸರ್ಕಾರ ಹಣ ಹಾಕಲೇಬೇಕು, ಇದು ನನ್ನ ಗಟ್ಟಿ ನಂಬಿಕೆ.

ಸ್ನಾಯು ಮಾತ್ರ ಸಡಿಲವಾಗಿದ್ದರೆ ಮೊದಲು ಫಿಸಿಯೋಥೆರಪಿ. ಜೋತುಬಿದ್ದ ಚರ್ಮ ಅದರಿಂದ ಹೋಗುವುದಿಲ್ಲ. ಇನ್ನೊಂದು ಮಗು ಬೇಕಿದ್ದರೆ ಆಪರೇಷನ್ ಈಗ ಬೇಡ. ಮಾಡಿಸಿದರೆ ಸುಮಾರು 6 ವಾರ ಭಾರ ಎತ್ತುವಂತಿಲ್ಲ, ಲೋಕಲ್ ಟ್ರೇನಿನ ನೂಕುನುಗ್ಗಲೂ ಬೇಡ.