ಲೋಗೋದಲ್ಲೇ ನಿಂತುಬಿಡುವ ಕಂಪ್ಯೂಟರ್ ಮತ್ತು ಎಸ್.ಪಿ. ರೋಡಿನ ರಿಪೇರಿ

ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿಯಾದ ಎಸ್.ಪಿ. ರೋಡಿಗೆ ರಿಪೇರಿಗೆ ಹೋಗುವವರು ಭಾನುವಾರ ಹೋಗಬೇಡಿ, ಕಾರಿನಲ್ಲಿ ಹೋಗಬೇಡಿ, ಮಾನಿಟರ್ ಹೊತ್ತುಕೊಂಡು ಹೋಗಬೇಡಿ. ನಾನು ಮೂರನ್ನೂ ಒಟ್ಟಿಗೆ ಮಾಡಿದೆ. ಮುಕ್ಕಾಲು ಪಾಲು ಅಂಗಡಿಗಳ ಶಟರ್ ಎಳೆದಿತ್ತು. ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಾ ಟೌನ್ ಹಾಲ್ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಮಾನಿಟರ್ ಸಮೇತ ಮನೆಗೆ ವಾಪಸ್ ಬಂದೆ. ಮಾರನೇ ದಿನ ರಜೆ ಹಾಕಿ, ಬರೀ ಸಿಪಿಯು ಡಬ್ಬವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಆಟೋದಲ್ಲಿ ಹೋದೆ. ಈಗ ಬರೆಯುತ್ತಿರುವುದು ಆ ಸೋಮವಾರದ ಅನುಭವ.

ಕಂಪ್ಯೂಟರ್ ಅಪ್ಪನದು. 2017ರಲ್ಲಿ ಅಸೆಂಬಲ್ ಮಾಡಿಸಿದ್ದು, ಏಳನೇ ಜನರೇಷನ್ ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಅಪ್ಪ ನಮ್ಮ ಬಡಾವಣೆ ಸಂಘದ ಖಜಾಂಚಿ, ಹಾಗಾಗಿ ಆರು ವರ್ಷದ ಲೆಕ್ಕಪತ್ರ, ನುಡಿಯಲ್ಲಿ ಟೈಪ್ ಮಾಡಿದ ಮೀಟಿಂಗ್ ನಡಾವಳಿ, ಎಲ್ಲವೂ ಅದರೊಳಗೇ ಇದೆ. ಬ್ಯಾಕಪ್ ಇತ್ತಾ ಅಂತ ಕೇಳಬೇಡಿ. ಬೆಳಿಗ್ಗೆ ಆನ್ ಮಾಡಿದರೆ ವಿಂಡೋಸ್ ಲೋಗೋ ಬರುತ್ತದೆ, ಕೆಳಗೆ ಚುಕ್ಕಿಗಳು ಸುತ್ತುತ್ತವೆ, ಸುತ್ತುತ್ತಾ ಸುತ್ತುತ್ತಾ ನಿಂತುಬಿಡುತ್ತವೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು, ಮತ್ತೆ ಆನ್ ಮಾಡಬೇಕು. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತದೆ. "ಅದಕ್ಕೂ ವಯಸ್ಸಾಯ್ತು ಕಣೋ, ಚಳಿ ಬಿಡಬೇಕು" ಅಂತ ಅಪ್ಪ ಎರಡು ತಿಂಗಳು ಹೀಗೇ ತಳ್ಳಿದರು.

ನಾನೂ ಸುಮ್ನೆ ಕೂತಿರಲಿಲ್ಲ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದೆ, ಸೇಫ್ ಮೋಡಿಗೆ (ತೀರಾ ಬೇಕಾದಷ್ಟೇ ಲೋಡ್ ಆಗುವ ವಿಂಡೋಸ್) ಹೋಗಿ ಹೊಸದಾಗಿ ಹಾಕಿದ್ದ ಪ್ರೋಗ್ರಾಂಗಳನ್ನು ತೆಗೆದೆ, ವಿಂಡೋಸ್ ಫೈಲುಗಳು ಕೆಟ್ಟಿವೆಯಾ ಅಂತ ನೋಡುವ ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿದೆ. ಸೇಫ್ ಮೋಡಿನಲ್ಲೂ ಒಂದೆರಡು ಸಲ ನಿಂತುಹೋಯಿತು. ಅದು ಸಾಫ್ಟ್‌ವೇರ್ ತೊಂದರೆ ಅಲ್ಲವೇನೋ ಅನ್ನಲು ಒಳ್ಳೇ ಸುಳಿವಾಗಿತ್ತು, ನನಗೆ ಆಗ ಹೊಳೆಯಲಿಲ್ಲ. ಆಮೇಲೆ ಮನೆ ಹತ್ತಿರದ ಒಂದು ಅಂಗಡಿಗೆ ಕೊಟ್ಟೆವು. ಅಲ್ಲಿಯ ಹುಡುಗ ಐದೇ ನಿಮಿಷ ನೋಡಿ, "ಮದರ್‌ಬೋರ್ಡ್ ಹೋಗಿದೆ ಅಂಕಲ್, ಎಂಟು ಸಾವಿರ ಆಗುತ್ತೆ, ಇಲ್ಲಾಂದ್ರೆ ಒಂದ್ಸಲ ಫಾರ್ಮ್ಯಾಟ್ ಹೊಡೆದು ನೋಡೋಣ" ಅಂದ. ಬೋರ್ಡ್ ಹೋಗಿದ್ದರೆ ಫಾರ್ಮ್ಯಾಟ್ ಹೊಡೆದು ಏನು ನೋಡುತ್ತೀಯಪ್ಪ ಅಂತ ಅಪ್ಪ ಕೇಳಿದ್ದಕ್ಕೆ ಉತ್ತರ ಇರಲಿಲ್ಲ. ವಾಪಸ್ ತಂದೆವು.

ಎಸ್.ಪಿ. ರೋಡ್ ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದರ ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಟೌನ್ ಹಾಲಿಂದ ನಡೆದೇ ಹೋಗಬಹುದು, ಮೆಟ್ರೋದಲ್ಲಿ ಬಂದರೆ ಚಿಕ್ಕಪೇಟೆ ಸ್ಟೇಷನ್ನಿನಿಂದಲೂ ದೂರವಿಲ್ಲ. ಕಾಲಿಡುತ್ತಿದ್ದಂತೆ "ಏನ್ ಬೇಕು ಸಾರ್, ಲ್ಯಾಪ್‌ಟಾಪಾ, ಸಿಸಿಟಿವಿನಾ" ಅಂತ ನಾಲ್ಕು ಕಡೆಯಿಂದ ಕರೆಯುತ್ತಾರೆ. ತಲೆ ಎತ್ತದೆ ನಡೆಯಿರಿ. ನಾನು ಹೋದದ್ದು ಒಂದು ಕಟ್ಟಡದ ಮೊದಲ ಮಹಡಿಗೆ. ಕಡಿದಾದ ಮೆಟ್ಟಿಲು, ಮೇಲೆ ಹತ್ತಡಿ ಅಗಲದ ಕೋಣೆ, ಗೋಡೆ ತುಂಬಾ ಬಿಚ್ಚಿಟ್ಟ ಬೋರ್ಡುಗಳು. ಅಂಗಡಿ ಹೆಸರು ಹಾಕಬಹುದಾ ಅಂತ ಅಲ್ಲಿಯ ರಿಪೇರಿಯವರನ್ನು ಕೇಳಿದೆ, ಈಗಲೇ ಫೋನ್ ಜಾಸ್ತಿ, ಬೇಡ ಸಾರ್ ಅಂದರು. ಹಾಗಾಗಿ ಹಾಕಿಲ್ಲ.

ಅವರ ಮೊದಲ ಪ್ರಶ್ನೆಗೇ ನಾನು ಅರ್ಧ ಮಾರುಹೋದೆ. "ಎಲ್ಲಿ ನಿಲ್ಲುತ್ತೆ ಸಾರ್? ಮೊದಲು ಬೋರ್ಡ್ ಕಂಪನಿ ಹೆಸರು ಬರುತ್ತಲ್ಲ, ಅಲ್ಲೋ? ಆಮೇಲೆ ಚುಕ್ಕಿ ಸುತ್ತುತ್ತಲ್ಲ, ಅಲ್ಲೋ?" ಕಂಪನಿ ಹೆಸರಿನಲ್ಲೇ ನಿಂತರೆ ವಿಂಡೋಸ್ ಇನ್ನೂ ಶುರುವೇ ಆಗಿಲ್ಲ, ರ‍್ಯಾಮೋ, ಬೋರ್ಡೋ, ಯುಎಸ್‌ಬಿಗೆ ಚುಚ್ಚಿರುವ ಯಾವುದಾದರೂ ವಸ್ತುವೋ ಅಡ್ಡ ಬಂದಿರುತ್ತದೆ. ಚುಕ್ಕಿ ಬಂದ ಮೇಲೆ ನಿಂತರೆ ಅನುಮಾನ ಹೆಚ್ಚಾಗಿ ಡಿಸ್ಕ್ ಮೇಲೆ ಅಥವಾ ಡ್ರೈವರ್ (ಒಳಗಿನ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಮೇಲೆ. ಎರಡು ತಿಂಗಳಿಂದ ಈ ಡಬ್ಬ ನೋಡುತ್ತಾ ಕೂತಿದ್ದ ನಮಗೆ ಇಷ್ಟು ಗೊತ್ತಿರಲಿಲ್ಲ.

ಚೆಕ್ ಮಾಡಲು ಮುನ್ನೂರು ರೂಪಾಯಿ, ರಿಪೇರಿ ಅಲ್ಲೇ ಮಾಡಿಸಿದರೆ ಅದು ಬಿಲ್ಲಿನಲ್ಲಿ ಕಳೆಯುತ್ತದೆ. ನನ್ನನ್ನು ಪಕ್ಕದಲ್ಲೇ ಸ್ಟೂಲ್ ಮೇಲೆ ಕೂರಿಸಿಕೊಂಡರು. ಬ್ಲೋವರ್ ಹಿಡಿದು ಏಳೆಂಟು ವರ್ಷದ ಧೂಳು ಹಾರಿಸಿದರು (ಮಾಸ್ಕ್ ಹಾಕಿಕೊಂಡು ಹೋಗಿ). ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರು. ಹ್ಯಾಂಗ್ ಆಯಿತು. ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ತಮ್ಮದೊಂದು ಎಸ್‌ಎಂಪಿಎಸ್ ಹಾಕಿದರು, ಆದರೂ ಹ್ಯಾಂಗ್. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿದರು, ಒಂದು ಸಲ ಸರಿಯಾಗಿ ಬಂದು ನನಗೆ ಆಸೆ ಹುಟ್ಟಿಸಿ ಎರಡನೇ ಸಲ ಮತ್ತೆ ನಿಂತಿತು. ಕೊನೆಗೆ ಹಾರ್ಡ್ ಡಿಸ್ಕನ್ನೇ ಪೂರ್ತಿ ಬಿಡಿಸಿ ಪಕ್ಕಕ್ಕಿಟ್ಟು, ಉಬುಂಟು (ವಿಂಡೋಸ್ ಬದಲಿಗೆ ಓಡುವ ಇನ್ನೊಂದು ಸಿಸ್ಟಂ) ತುಂಬಿದ ಪೆನ್ ಡ್ರೈವ್ ಚುಚ್ಚಿ ಆನ್ ಮಾಡಿದರು. ಐದು ಸಲ ಆಫ್ ಆನ್ ಮಾಡಿದರು, ಐದೂ ಸಲ ತಕರಾರಿಲ್ಲದೆ ಬಂತು. "ಬೋರ್ಡ್ ಕಲ್ಲಿನ ಹಾಗಿದೆ ಸಾರ್" ಅಂದರು. ನನ್ನ ಕಣ್ಣ ಮುಂದೆ ಎಂಟು ಸಾವಿರ ಉಳಿಯಿತು.

ಈ ಪೆನ್ ಡ್ರೈವ್ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಉಬುಂಟು ಪುಕ್ಕಟೆ ಸಿಗುತ್ತದೆ, ಇನ್‌ಸ್ಟಾಲ್ ಮಾಡದೆ ಟ್ರೈ ಮಾಡುವ ಆಯ್ಕೆ ಇದೆ, ಅದರಲ್ಲಿ ಡಿಸ್ಕಿನಲ್ಲಿರುವುದು ಹಾಗೇ ಇರುತ್ತದೆ. ಆದರೆ ಬೇರೆ ಎಸ್‌ಎಂಪಿಎಸ್, ಬೇರೆ ರ‍್ಯಾಮ್, ಬೇರೆ ಕೇಬಲ್ ನಮ್ಮ ಮನೆಯಲ್ಲಿ ಎಲ್ಲಿರುತ್ತೆ? ಎಸ್.ಪಿ. ರೋಡಿಗೆ ಹೋಗಬೇಕಾದದ್ದು ಇದಕ್ಕೇ. ಕಡಿಮೆ ರೇಟಿಗೆ ಅಂತ ಹೋಗಬೇಡಿ, ಅಲ್ಲೇ ಕೂತು ಫೋನಿನಲ್ಲಿ ನೋಡಿದೆ, ಆನ್‌ಲೈನಿಗೂ ಅಲ್ಲಿಗೂ ನೂರಿನ್ನೂರು ರೂಪಾಯಿ ವ್ಯತ್ಯಾಸ ಅಷ್ಟೇ. ಒಂದೊಂದೇ ಭಾಗ ಬದಲಿಸಿ ನೋಡಲು ಬೇಕಾದ ಸಾಮಾನು ಅವರ ಕೈಗೆಟುಕುವಲ್ಲೇ ಇರುತ್ತದೆ. ಇಲ್ಲದಿದ್ದರೆ ಕೆಳಗಿನ ಅಂಗಡಿಯಿಂದ ಹುಡುಗ ತರುತ್ತಾನೆ.

ಆಮೇಲೆ ಡಿಸ್ಕನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದರು. ಅದೂ ಪುಕ್ಕಟೆ ಸಾಫ್ಟ್‌ವೇರ್. ನೀಲಿ ಇದ್ದರೆ ಡಿಸ್ಕ್ ಚೆನ್ನಾಗಿದೆ, ಹಳದಿ ಇದ್ದರೆ ಹುಷಾರು, ಕೆಂಪಾದರೆ ಮುಗಿಯಿತು. ನಮ್ಮದು ಹಳದಿ. ಪೆಂಡಿಂಗ್ ಸೆಕ್ಟರ್ ಅನ್ನುವ ಸಾಲಿನ ಮೇಲೆ ಬೆರಳಿಟ್ಟು ವಿವರಿಸಿದರು. ಡಿಸ್ಕಿನಲ್ಲಿ ಕೆಲವು ಜಾಗಗಳನ್ನು ಓದಲು ಆಗುತ್ತಿಲ್ಲ. ವಿಂಡೋಸ್ ಏಳುವಾಗ ಬೇಕಾದ ಫೈಲ್ ಅಂಥ ಜಾಗದಲ್ಲಿದ್ದರೆ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ, ಅಲ್ಲಿಯವರೆಗೆ ಉಳಿದದ್ದೆಲ್ಲ ಕಾಯುತ್ತಾ ನಿಲ್ಲುತ್ತದೆ. ಹೇಗೋ ಓದಲು ಸಿಕ್ಕಿದ ದಿನ ಕಂಪ್ಯೂಟರ್ ತೆರೆದುಕೊಳ್ಳುತ್ತದೆ. ಅಪ್ಪನ "ಚಳಿ" ಇದೇ.

ಇಲ್ಲಿ ನನಗೆ ಬೈಗುಳವೂ ಬಿತ್ತು. ಹಿಂದಿನ ವಾರ ಯಾರೋ ಹೇಳಿದರೆಂದು, ಡಿಸ್ಕಿನ ತಪ್ಪು ಹುಡುಕುವ ಚೆಕ್‌ಡಿಸ್ಕನ್ನು ಇಡೀ ರಾತ್ರಿ ಓಡಿಸಿದ್ದೆ. ಸಾಯುತ್ತಿರುವ ಡಿಸ್ಕನ್ನು ಹಾಗೆ ಕೊನೆಯವರೆಗೂ ಕೆರೆಸಬಾರದಂತೆ, ಏಳುವ ದಿನ ಮೊದಲು ಬೇಕಾದ್ದನ್ನು ಕಾಪಿ ಮಾಡಿಕೊಳ್ಳಬೇಕಂತೆ, ಉಳಿದ ಪ್ರಯೋಗ ಆಮೇಲೆ. ಇನ್ನು ಫಾರ್ಮ್ಯಾಟ್ ಹೊಡೆಸಿದ್ದರೆ? ಸ್ವಲ್ಪ ದಿನ ಚೆನ್ನಾಗಿ ಓಡುತ್ತಿತ್ತಂತೆ, ಸಂಘದ ಲೆಕ್ಕ ಮಾತ್ರ ಹೋಗಿರುತ್ತಿತ್ತು.

ಹಾರ್ಡ್ ಡಿಸ್ಕಿಗಿಂತ ವೇಗದ 480 ಜಿಬಿ ಎಸ್‌ಎಸ್‌ಡಿ ಹಾಕಿ, ಹಳೇ ಡಿಸ್ಕಿನಲ್ಲಿದ್ದುದನ್ನೆಲ್ಲ ಹಾಗೇ ಅದಕ್ಕೆ ಕ್ಲೋನ್ ಮಾಡಿದರು. ಎರಡು ಗಂಟೆ ಅಂದಿದ್ದು ಮಾರನೇ ದಿನ ಸಂಜೆಯಾಯಿತು. ಕೆಟ್ಟ ಜಾಗ ಬಂದಾಗೆಲ್ಲ ಕ್ಲೋನ್ ತೆವಳುತ್ತಿತ್ತಂತೆ, ಅದು ನಿಜವೇ ಇರಬಹುದು, ಆದರೆ ಒಂದು ಫೋನ್ ಮಾಡಿ ಹೇಳಬಹುದಿತ್ತು. ಮದುವೆಯೊಂದರ ನಾಲ್ಕೈದು ಫೋಟೊ ತೆರೆಯುತ್ತಿಲ್ಲ, ಲೆಕ್ಕ ಪೂರ್ತಿ ಸಿಕ್ಕಿತು. ಎಸ್‌ಎಸ್‌ಡಿ 2,900, ಕ್ಲೋನ್ ಮತ್ತು ಕೂಲಿ 800, ಗಡಿಯಾರ ಹಿಂದೆ ಬೀಳುತ್ತಿದ್ದುದಕ್ಕೆ ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿ 30. ಮೊದಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿದ್ದ ಕಂಪ್ಯೂಟರ್ ಈಗ ಇಪ್ಪತ್ತು ಸೆಕೆಂಡಿನಲ್ಲಿ ಬರುತ್ತದೆ. ಅಪ್ಪ ಮೊದಲು ಆನ್ ಮಾಡಿ ಕಾಫಿಗೆ ಹೋಗುತ್ತಿದ್ದರು, ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಬೇಸರವಾದದ್ದು ಬಿಲ್ ವಿಷಯದಲ್ಲಿ. "ಬಿಲ್ ಬೇಕಾ ಸಾರ್? 18 ಪರ್ಸೆಂಟ್ ಸೇರುತ್ತೆ" ಅನ್ನುವ ಮಾತು ಇಲ್ಲೂ ಬಂತು. ಹಟ ಹಿಡಿದು ಜಿಎಸ್‌ಟಿ ಸೇರಿಸಿದ ರೇಟೇ ಹೇಳಿ ಅಂದು, ಸೀರಿಯಲ್ ನಂಬರ್ ಬರೆಸಿಕೊಂಡು ಬಿಲ್ ತೆಗೆದುಕೊಂಡೆ. ಎಸ್‌ಎಸ್‌ಡಿ ಕಂಪನಿಯ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ವಾರಂಟಿ ತೋರಿಸುತ್ತಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಹಳೇ ಡಿಸ್ಕನ್ನೂ ಕೇಳಿ ವಾಪಸ್ ತನ್ನಿ, ಅದರಲ್ಲಿ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಇರುತ್ತದೆ. ಅಂಗಡಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಒಂದು ಬಿಲ್ಲಿಗಾಗಿ ಕಳೆದದ್ದು. ಇನ್ನು ಅಪ್ಪನ ಕಂಪ್ಯೂಟರಿನ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಏಳನೇ ಜನರೇಷನ್ ಐ3ಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಅದು ಇನ್ನೊಂದು ತಲೆನೋವು, ಅದಕ್ಕೆ ಅವರನ್ನು ದೂರಲಾರೆ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪ ಗಾಬರಿಯಾಗಿ ಕರೆದರು, ಮತ್ತೆ ನಿಂತಿದೆ. ಹೊಟ್ಟೆ ಚುರ್ ಅಂದಿತು. ಅಂಗಡಿಗೆ ಫೋನ್ ಹಚ್ಚಿದೆ. "ಹೆಸರಲ್ಲೋ, ಚುಕ್ಕಿಯಲ್ಲೋ?" ಅಂತ ಕೇಳಿದರು. ನೋಡಿದರೆ ಬೋರ್ಡ್ ಕಂಪನಿ ಹೆಸರಿನಲ್ಲೇ ನಿಂತಿತ್ತು. "ಹಿಂದೆ ಮುಂದೆ ಏನೇನು ಚುಚ್ಚಿದೆ, ಎಲ್ಲ ಕೀಳಿ ಸಾರ್." ಪ್ರಿಂಟರ್ ಕಿತ್ತೆ, ಏನೂ ಆಗಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ಹಿಂಬದಿಯಲ್ಲಿ ಅಪ್ಪನ ಭಜನೆ ಹಾಡುಗಳ ಹಳೇ ಪೆನ್ ಡ್ರೈವ್. ಅದನ್ನು ಕಿತ್ತು ಆನ್ ಮಾಡಿದ ತಕ್ಷಣ ಬಂತು. "ಅದು ದೇವರ ಪೆನ್ ಡ್ರೈವ್ ಕಣೋ, ಬಿಸಾಡಬೇಡ" ಅಂದರು ಅಪ್ಪ. ಈಗ ಅದು ಟಿವಿ ಹಿಂದೆ ಇದೆ.