ಹಲ್ಲಿನ ಎಕ್ಸ್-ರೇಗೆ ಫಾಸ್ಫರ್ ಪ್ಲೇಟ್: ನಾಲ್ಕು ವರ್ಷ ಬಳಸಿದ ಮೇಲೆ

ನನ್ನದು ಒಂದೇ ಕುರ್ಚಿಯ ಸಣ್ಣ ದಂತ ಕ್ಲಿನಿಕ್. ಮೊದಲು ಫಿಲ್ಮ್ ಬಳಸುತ್ತಿದ್ದೆ. ಫಿಲ್ಮ್ ತೊಳೆಯುವ ರಾಸಾಯನಿಕಗಳಾದ ಡೆವಲಪರ್, ಫಿಕ್ಸರ್ ವಾಸನೆ ಕೈಗೆ ಅಂಟಿಕೊಂಡೇ ಇರುತ್ತಿತ್ತು. ರೂಟ್ ಕೆನಾಲ್ ಅರ್ಧಕ್ಕೆ ನಿಲ್ಲಿಸಿ ಫಿಲ್ಮ್ ತೊಳೆದು ತರುವಷ್ಟರಲ್ಲಿ ರೋಗಿಗೆ ಸಾಕುಸಾಕಾಗುತ್ತಿತ್ತು. ಈಗ ಫಿಲ್ಮ್ ಬದಲು ಬಾಯೊಳಗೆ ಫಾಸ್ಫರ್ ಪ್ಲೇಟ್ ಇಟ್ಟು ಎಕ್ಸ್-ರೇ ತೆಗೆಯುತ್ತೇನೆ. ಆ ಪ್ಲೇಟನ್ನು ಸ್ಕ್ಯಾನರ್‌ಗೆ ಹಾಕಿದ ಸ್ವಲ್ಪ ಹೊತ್ತಿಗೇ ಬೇರಿನ ತುದಿವರೆಗೆ ಕಾಣುತ್ತದೆ.

ಬಾಯೊಳಗಿಟ್ಟು ನೇರ ಕಂಪ್ಯೂಟರ್‌ಗೆ ಚಿತ್ರ ಕಳಿಸುವ, ವೈರ್ ಇರುವ ಸೆನ್ಸರ್ ಇನ್ನೂ ಬೇಗ ಚಿತ್ರ ಕೊಡುತ್ತದೆ, ನಿಜ. ಆದರೆ ಅದು ದಪ್ಪ. ಹಿಂದಿನ ದವಡೆ ಹಲ್ಲಿಗೆ ಇಟ್ಟರೆ ಎಷ್ಟೋ ಜನರಿಗೆ ವಾಕರಿಕೆ. ಪ್ಲೇಟ್ ತೆಳ್ಳಗಿದೆ, ವೈರಿಲ್ಲ. ದೊಡ್ಡವರಿಗೆ 31x41 ಮಿ.ಮೀ., ಪುಟ್ಟ ಮಕ್ಕಳಿಗೆ 22x35 ಮಿ.ಮೀ. ಸೈಜ್ ಬಳಸುತ್ತೇನೆ.

ಎಕ್ಸ್-ರೇ ಬಿದ್ದಾಗ ಫಾಸ್ಫರ್ ಪದರ ಆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ಕ್ಯಾನರಿನ ಕೆಂಪು ಲೇಸರ್ ತಾಕಿದಾಗ ಅದು ನೀಲಿ ಬೆಳಕಾಗಿ ಹೊರಬರುತ್ತದೆ. ಅದರಿಂದಲೇ ಚಿತ್ರ. ಆಮೇಲೆ ಜೋರು ಬೆಳಕು ಬಿಟ್ಟು ಅಳಿಸಿದರೆ ಪ್ಲೇಟ್ ಮತ್ತೆ ರೆಡಿ. ಹಾಗಾಗಿ ಎಕ್ಸ್-ರೇ ತೆಗೆದು ಇನ್ನೂ ಸ್ಕ್ಯಾನ್ ಮಾಡದ ಪ್ಲೇಟನ್ನು, ಬಾಯಿಗೆ ಇಡುವಾಗ ಹಾಕುವ ಕವರಿನಿಂದ ತೆಗೆದು ಟ್ಯೂಬ್‌ಲೈಟ್ ಕೆಳಗೆ ಸುಮ್ನೆ ಇಟ್ಟರೆ ಚಿತ್ರ ಮಂಕಾಗುತ್ತದೆ.

ದೊಡ್ಡ ತೊಂದರೆ ಅಂದರೆ ಗೀರು. ಎರಡನೇ ವರ್ಷ ಒಬ್ಬ ಅಜ್ಜಿಯ ಕೆಳದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡುತ್ತಿದ್ದೆ. ಎಕ್ಸ್-ರೇಯಲ್ಲಿ ಬೇರಿನೊಳಗೆ ಕೂದಲಿನಷ್ಟು ಸಣ್ಣ ಬಿಳಿ ಗೆರೆ. ಬೇರಿನ ಒಳಗೆ ಸ್ವಚ್ಛ ಮಾಡುವ ಸೂಜಿಯಂಥ ಫೈಲ್ ಮುರಿದು ಒಳಗೇ ಉಳಿಯಿತೇನೋ ಅಂತ ಎದೆ ಧಸಕ್ಕೆಂದಿತು. ಕೈಯಲ್ಲಿದ್ದ ಫೈಲ್ ನೋಡಿದರೆ ತುದಿ ಸರಿಯಾಗೇ ಇತ್ತು. "ಅಜ್ಜಿ, ಇನ್ನೊಂದ್ಸಲ ತೆಗೀಬೇಕು" ಅಂದೆ. "ಆಯ್ತಪ್ಪಾ, ತೆಗಿ" ಅಂದರು. ಬೇರೆ ಪ್ಲೇಟಿನಲ್ಲಿ ಆ ಗೆರೆ ಇರಲಿಲ್ಲ. ಹಳೆ ಪ್ಲೇಟನ್ನು ಓರೆಯಾಗಿ ಹಿಡಿದು ನೋಡಿದೆ. ಅದೇ ಜಾಗದಲ್ಲಿ ಗೀರು. ಕವರಿನಿಂದ ಚಿಮುಟದಲ್ಲಿ ಎಳೆದು ತೆಗೆಯುತ್ತಿದ್ದೆವು, ತಪ್ಪು ನಮ್ಮದೇ. ಫಾಸ್ಫರ್ ಕಿತ್ತುಹೋದ ಕಡೆ ಬೆಳಕು ಬರುವುದಿಲ್ಲ, ಚಿತ್ರದಲ್ಲಿ ಅಲ್ಲಿ ಬಿಳಿ. ಆ ಅಜ್ಜಿಗೆ ಬೇಡದ ಒಂದು ಎಕ್ಸ್-ರೇ ಜಾಸ್ತಿ ಆಯಿತಲ್ಲ ಅಂತ ಇವತ್ತಿಗೂ ಬೇಜಾರಿದೆ.

ಅವತ್ತಿನಿಂದ ಕವರ್ ಹರಿದು ಪ್ಲೇಟನ್ನು ತಾನಾಗಿ ಜಾರಿ ಬೀಳಲು ಬಿಡುತ್ತೇವೆ, ಅಂಚು ಮಾತ್ರ ಮುಟ್ಟುತ್ತೇವೆ. ಪ್ರತಿ ಪ್ಲೇಟಿಗೂ ನಂಬರ್ ಇದೆ, ಯಾವುದಕ್ಕೆ ಎಲ್ಲಿ ಗೀರು ಅಂತ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇವೆ. ಸೋಮವಾರ ಬೆಳಿಗ್ಗೆ ಎಲ್ಲ ಪ್ಲೇಟನ್ನೂ ಒಮ್ಮೆ ಬೆಳಕಿನಲ್ಲಿ ಅಳಿಸಿಯೇ ಕೆಲಸ ಶುರು. ಉಪಕರಣಗಳನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್‌ಗಂತೂ ಪ್ಲೇಟ್ ಹಾಕಲೇಬೇಡಿ. ಪ್ರತಿ ರೋಗಿಗೂ ಹೊಸ ಕವರ್ ಬೇಕು, ಆ ಖರ್ಚು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು ವಿಷಯ, ಇದನ್ನು ಮಾರುವವರು ನನಗೆ ಹೇಳಲಿಲ್ಲ. ಎಕ್ಸ್‌ಪೋಶರ್, ಅಂದರೆ ಬೀಳುವ ಎಕ್ಸ್-ರೇ ಪ್ರಮಾಣ, ಜಾಸ್ತಿ ಆದರೆ ಫಿಲ್ಮ್ ಕಪ್ಪಾಗಿ ತಪ್ಪು ತೋರಿಸುತ್ತಿತ್ತು. ಪ್ಲೇಟಿನಲ್ಲಿ ಸಾಫ್ಟ್‌ವೇರ್ ಸರಿಮಾಡಿ ಚೆಂದದ ಚಿತ್ರವನ್ನೇ ಕೊಡುತ್ತದೆ. ರೋಗಿಗೆ ಬೇಕಿಲ್ಲದಷ್ಟು ಬೀಳುತ್ತಿದ್ದರೂ ನಮಗೆ ಗೊತ್ತಾಗುವುದಿಲ್ಲ. ಎಕ್ಸ್-ರೇ ಎಷ್ಟು ಹೊತ್ತು ಬಿಡಬೇಕೆಂಬ ಟೈಮರ್ ಇಳಿಸುತ್ತಾ ಹೋಗಿ, ಚಿತ್ರ ಕಾಳುಕಾಳಾಗದ ಕಡಿಮೆ ಸಮಯ ಹುಡುಕಿಕೊಂಡೆ. ನೀವೂ ಮೊದಲ ವಾರವೇ ಇದನ್ನು ಮಾಡಿ.

ತಂದ ಎಂಟರಲ್ಲಿ ಐದು ಪ್ಲೇಟ್ ಇನ್ನೂ ಕೆಲಸ ಮಾಡುತ್ತಿವೆ. ಎರಡು ಗೀರಿಗೆ ಹೋದವು. ಒಂದನ್ನು ಆರು ವರ್ಷದ ಹುಡುಗ ಕಚ್ಚಿಬಿಟ್ಟ, ಹಲ್ಲಿನ ಗುರುತು ಹಾಗೇ ಕೂತಿದೆ. ಮಕ್ಕಳ ಸೈಜಿನವು ಎರಡು ಮತ್ತೆ ತರಿಸುತ್ತಿದ್ದೇನೆ.